ವಿಮಾನ ನಿಲ್ದಾಣದ ನೆರೆಮನೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಹೆಸರು ಬೇಡ, ಇದನ್ನು ಓದುವವರಲ್ಲಿ ಅವನೂ ಒಬ್ಬ. "ಸಾರ್, ಶಿವಮೊಗ್ಗದ ವಿಮಾನ ನಿಲ್ದಾಣದ ಹತ್ರ ಒಂದು ಸೈಟು ನೋಡಿದೀನಿ. ಮುಂದೆ ಒಳ್ಳೇ ಬೆಲೆ ಬರುತ್ತೆ ಅಂತಾರೆ. ತಗೊಳ್ಳಲಾ?" ಎಂದು ಕೇಳಿದ. ಮೂವತ್ತು ವರ್ಷಕ್ಕೂ ಮೀರಿ ಗಣಿತ ಕಲಿಸಿದವನಿಗೆ ಬಡ್ಡಿಯ ಲೆಕ್ಕ ಬಂದೀತೇ ಹೊರತು ನಿವೇಶನದ ಲೆಕ್ಕ ಬಾರದು. "ಯೋಚಿಸಿ ಹೇಳುತ್ತೇನಪ್ಪಾ" ಎಂದು ಫೋನ್ ಇಟ್ಟೆ. ಆದರೆ ಆ ಯೋಚನೆ ಸೈಟಿನ ಬೆಲೆಯಲ್ಲಿ ನಿಲ್ಲದೆ ಎಲ್ಲೆಲ್ಲಿಗೋ ಹೋಯಿತು. ಅವನಿಗೆ ಕೊಡಬೇಕಾದ ಉತ್ತರವನ್ನು ಉಳಿದವರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದ್ದ ಹಳ್ಳಿಯ ಶಾಲೆಗೆ ತಾಗಿದಂತೆಯೇ ಒಂದು ಅಕ್ಕಿ ಗಿರಣಿ ಇತ್ತು. ಅದರ ಡೀಸೆಲ್ ಎಂಜಿನ್ ಹೊತ್ತುಗೊತ್ತಿಲ್ಲದೆ ಶುರುವಾಗುತ್ತಿತ್ತು. ಶುರುವಾಯಿತೆಂದರೆ ನನ್ನ ಬಾಯಿ ಆಡುವುದು ಮಕ್ಕಳಿಗೆ ಕಾಣುತ್ತಿತ್ತೇ ವಿನಾ ಮಾತು ಕೇಳುತ್ತಿರಲಿಲ್ಲ. ಎರಡು ಬಾರಿ ಗಿರಣಿಯ ಯಜಮಾನರ ಬಳಿ ಹೋಗಿ ಹೇಳಿದೆ. ಎರಡು ಬಾರಿಯೂ ಒಂದೇ ಉತ್ತರ: "ಸ್ಕೂಲಿಗಿಂತ ಮೊದ್ಲೇ ಮಿಲ್ಲು ಬಂದಿದ್ದು ಮೇಷ್ಟ್ರೇ." ಮಾತು ನಿಜವೇ ಆಗಿತ್ತು. ಆದರೆ ಅದರಿಂದ ಮಕ್ಕಳ ಕಿವಿಗೆ ಏನೂ ಪ್ರಯೋಜನವಾಗಲಿಲ್ಲ.

ಮೂರನೆಯ ಬಾರಿ ನಾನು ದೂರು ಹೇಳಲಿಲ್ಲ. "ಒಂದು ದಿನ ಬಂದು ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿ" ಎಂದು ಕರೆದೆ. ಬಂದರು. ಅರ್ಧ ಗಂಟೆ ಕುಳಿತರು. ಹೊರಗೆ ಬಂದು, "ಮಿಲ್ಲು ನಿಲ್ಸೋಕಾಗಲ್ಲ ಮೇಷ್ಟ್ರೇ, ಸುಗ್ಗೀಲಂತೂ ಆಗೋದೇ ಇಲ್ಲ. ಆದ್ರೆ ಮಧ್ಯಾಹ್ನ ಒಂದು ಗಂಟೆ ಒಳಗೆ ಚಾಲೂ ಮಾಡಲ್ಲ. ಸುಗ್ಗಿ ಹದಿನೈದು ದಿನ ನೀವು ಸುಧಾರಿಸ್ಕೊಳ್ಳಿ" ಎಂದರು. ಅಂದಿನಿಂದ ಗಣಿತ, ಕನ್ನಡ ಬೆಳಗ್ಗೆ. ಚಿತ್ರ, ಆಟ, ತೋಟದ ಕೆಲಸ ಮಧ್ಯಾಹ್ನ. ಎಂಜಿನ್ ಅದೇ, ಸದ್ದೂ ಅದೇ. ಆದರೂ ಅದು ನಮಗೆ ಅರ್ಧದಷ್ಟೇ ಕೇಳಿಸುತ್ತಿತ್ತು. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ತಿಳಿದಿರುವ ಸದ್ದನ್ನು ಮನುಷ್ಯ ಸಹಿಸಬಲ್ಲ. ತನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ ಎನ್ನುವ ಭಾವನೆಯನ್ನು ಮಾತ್ರ ಸಹಿಸಲಾರ.

ಈ ಪಾಠವನ್ನು ಒಂದು ಇಡೀ ಊರು ನೂರು ವರ್ಷಗಳಲ್ಲಿ ಕಲಿತದ್ದನ್ನು ನಾನು ನೋಡಿದ್ದು ಅಮೆರಿಕದಲ್ಲಿ, ಮಗಳ ಮನೆಗೆಂದು ಹೋಗಿ ಲಾಸ್ ಏಂಜಲೀಸ್ ಕಡೆ ಇದ್ದಾಗ. ಅಲ್ಲಿ ಕಡಲ ತೀರದಲ್ಲಿ ಸಾಂಟಾ ಮೋನಿಕಾ ಎಂಬ ನಗರವಿದೆ. ಅದಕ್ಕೆ ತನ್ನದೇ ವಿಮಾನ ನಿಲ್ದಾಣವಿದೆ. ನಮ್ಮ ನಗರಸಭೆ ಮಾರುಕಟ್ಟೆಯನ್ನೋ ಬಸ್ ನಿಲ್ದಾಣವನ್ನೋ ನಡೆಸುವಂತೆ ಅಲ್ಲಿಯ ನಗರಾಡಳಿತ ಆ ನಿಲ್ದಾಣವನ್ನು ನಡೆಸುತ್ತದೆ. ಸುಮಾರು 227 ಎಕರೆ, ಒಂದೇ ರನ್‌ವೇ, ಸುತ್ತ ನಾಲ್ಕೂ ಕಡೆ ಮನೆಗಳು. ಸಂಜೆ ಬೇಲಿಯ ಪಕ್ಕದ ಉದ್ಯಾನದಲ್ಲಿ ಕುಳಿತರೆ ಸಣ್ಣ ವಿಮಾನಗಳು ಹೆಂಚಿನ ಮಾಡುಗಳ ಮೇಲಿಂದ ಇಳಿಯುವುದು ಕಾಣುತ್ತಿತ್ತು. ಮೊಮ್ಮಗನಿಗೆ ಅದು ಹಬ್ಬ. ಬೇಲಿಯಾಚೆಯ ಮನೆಯವರಿಗೆ ಹೇಗಿದ್ದೀತು ಎಂಬ ಕುತೂಹಲದಿಂದ ನಾನು ಅದರ ಚರಿತ್ರೆಯನ್ನು ಓದತೊಡಗಿದೆ.

ಮೊದಲು ಬಂದವರು ಯಾರು? ನಿಲ್ದಾಣವೇ. ಮೊದಲ ಮಹಾಯುದ್ಧದ ಕಾಲಕ್ಕೇ ಅಲ್ಲಿ ವಿಮಾನಗಳು ಇಳಿಯುತ್ತಿದ್ದವು. ಆ ಯುದ್ಧದಲ್ಲಿ ಮಡಿದ ಕ್ಲೋವರ್ ಎಂಬ ತರುಣ ವಿಮಾನ ಚಾಲಕನ ನೆನಪಿಗೆ ಅದನ್ನು ಕ್ಲೋವರ್ ಫೀಲ್ಡ್ ಎಂದು ಕರೆದರು. ಡೊನಾಲ್ಡ್ ಡಗ್ಲಸ್ ತನ್ನ ವಿಮಾನ ಕಾರ್ಖಾನೆಯನ್ನು ಅಲ್ಲಿಗೆ ತಂದ. ಜಗತ್ತಿನ ವಿಮಾನ ಪ್ರಯಾಣದ ರೀತಿಯನ್ನೇ ಬದಲಿಸಿದ ಡಿಸಿ-3 ವಿಮಾನ ಮೊದಲು ಹಾರಿದ್ದು ಅಲ್ಲಿಂದಲೇ, 1935ರ ಡಿಸೆಂಬರ್ 17ರಂದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಹತ್ತಾರು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಅವರ ವಾಸಕ್ಕೆ ಸುತ್ತಮುತ್ತ ಮನೆಗಳು ಎದ್ದವು. ಶತ್ರುವಿನ ಬಾಂಬಿನಿಂದ ಕಾಪಾಡಲು ಇಡೀ ಕಾರ್ಖಾನೆಯ ಮೇಲೆ ತಂತಿಜಾಲ ಎಳೆದು, ಮೇಲಿಂದ ನೋಡಿದವರಿಗೆ ಬಡಾವಣೆಯಂತೆ ಕಾಣಲೆಂದು ಬಟ್ಟೆ, ಮರಗಳಿಂದ ಹುಸಿ ಮನೆಗಳನ್ನೂ ಹುಸಿ ಗಿಡಗಳನ್ನೂ ನಿಲ್ಲಿಸಿದ್ದರಂತೆ. ಅಂದು ನಿಲ್ದಾಣವನ್ನು ರಕ್ಷಿಸಿದ್ದು ಹುಸಿ ಮನೆಗಳು. ಮುಂದೆ ಅದರ ಮೇಲೆ ದಾವೆ ಹೂಡಿದ್ದು ನಿಜವಾದ ಮನೆಗಳು!

ಅಂದರೆ "ನಾವು ಮೊದಲು ಬಂದೆವು, ನೀವು ಗೊತ್ತಿದ್ದೇ ಮನೆ ಕೊಂಡಿರಿ" ಎಂದು ಆ ನಿಲ್ದಾಣ ಎದೆ ತಟ್ಟಿ ಹೇಳಬಹುದಿತ್ತು. ವಿಮಾನ ಚಾಲಕರು ಈಗಲೂ ಹಾಗೆಯೇ ಹೇಳುತ್ತಾರೆ. ಆದರೆ ಅವರು ಮರೆಯುವ ಒಂದು ಮಾತಿದೆ. ಮನೆಗಳು ಎದ್ದಾಗ ಹಾರುತ್ತಿದ್ದದ್ದು ಪಂಖದ ವಿಮಾನ. 1960ರ ದಶಕದಲ್ಲಿ ಬಂದದ್ದು ಜೆಟ್. ಅಕ್ಕಿ ಗಿರಣಿಯ ಪಕ್ಕ ಮನೆ ಕಟ್ಟಿದವನು ಗಿರಣಿಗೆ ಒಪ್ಪಿದ್ದಾನೆ, ನಿಜ. ನಾಳೆ ಅದೇ ಜಾಗದಲ್ಲಿ ಕಲ್ಲು ಒಡೆಯುವ ಕ್ರಷರ್ ಬಂದರೆ ಅದಕ್ಕೂ ಒಪ್ಪಿದ ಹಾಗೆಯೇ?

ಅಮೆರಿಕದ ನ್ಯಾಯಾಲಯಗಳ ಮುಂದೆ ಈ ಪ್ರಶ್ನೆ ಬಹಳ ಹಿಂದೆಯೇ ಬಂದಿತ್ತು. ತಂದವರಲ್ಲಿ ಒಬ್ಬ ಕೋಳಿ ಸಾಕುವ ರೈತ. ಉತ್ತರ ಕೆರೊಲಿನಾದಲ್ಲಿ ಕಾಸ್ಬಿ ಎಂಬವನ ಮೂರು ಎಕರೆಯೂ ಇಲ್ಲದ ಜಮೀನಿನ ಮೇಲೆ, ನೆಲದಿಂದ ಬರೀ 83 ಅಡಿ ಎತ್ತರದಲ್ಲಿ, ಯುದ್ಧಕಾಲದ ಸೇನಾ ವಿಮಾನಗಳು ಇಳಿಯುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದುಕೊಂಡು ಸುಮಾರು 150ರಷ್ಟು ಸತ್ತವು. ಕೋಳಿ ವ್ಯಾಪಾರ ಮುಚ್ಚಿತು. ಆಕಾಶ ಎಲ್ಲರದೂ ಎಂಬುದು ಸರ್ಕಾರದ ವಾದ. 1946ರಲ್ಲಿ ಸುಪ್ರೀಂ ಕೋರ್ಟು, ಆಕಾಶ ಎಲ್ಲರದೂ ಹೌದು, ಆದರೆ ಹೊಲದ ಬಳಕೆಯನ್ನೇ ಕಿತ್ತುಕೊಳ್ಳುವಷ್ಟು ಕೆಳಗೆ ಪದೇ ಪದೇ ಹಾರಿದರೆ ಅದು ಜಮೀನನ್ನು ತೆಗೆದುಕೊಂಡಂತೆ, ಪರಿಹಾರ ಕೊಡಲೇಬೇಕು ಎಂದಿತು. 1962ರಲ್ಲಿ ಪಿಟ್ಸ್‌ಬರ್ಗಿನ ವಿಮಾನ ನಿಲ್ದಾಣದ ಮೊಕದ್ದಮೆಯಲ್ಲಿ ಅದೇ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪರಿಹಾರ ಕೊಡಬೇಕಾದವರು ವಿಮಾನ ಹಾರಿಸುವವರಲ್ಲ, ಕೇಂದ್ರ ಸರ್ಕಾರವೂ ಅಲ್ಲ, ನಿಲ್ದಾಣ ಕಟ್ಟಿದ ಸ್ಥಳೀಯ ಆಡಳಿತ. ಸೇತುವೆ ಕಟ್ಟುವವನು ಅದಕ್ಕೆ ಹತ್ತಿ ಇಳಿಯುವ ದಾರಿಗೂ ಜಾಗ ಕೊಳ್ಳಬೇಕಲ್ಲವೇ, ಹಾಗೆಯೇ ವಿಮಾನ ಇಳಿಯುವ ದಾರಿಗೂ ಕೊಳ್ಳಬೇಕಿತ್ತು ಎಂಬುದು ಅದರ ತರ್ಕ.

ಇಲ್ಲಿಂದ ಸಣ್ಣ ನಿಲ್ದಾಣ ನಡೆಸುವ ನಗರಗಳ ಪಾಡು ಅಡಕತ್ತರಿಗೆ ಸಿಕ್ಕ ಅಡಕೆಯಂತಾಯಿತು. ಸದ್ದಿಗೆ ದಂಡ ಕಟ್ಟಬೇಕಾದವರು ಅವರು. ಆದರೆ ವಿಮಾನ ಗಾಳಿಗೆ ಏರಿದ ಮೇಲೆ ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಹಾರಬೇಕೆಂದು ಹೇಳುವ ಅಧಿಕಾರ ಕೇಂದ್ರದ ವಿಮಾನಯಾನ ಇಲಾಖೆಯದು. ಸಾಂಟಾ ಮೋನಿಕಾದ ಮೇಲೆ ನಿವಾಸಿಗಳು ದಾವೆ ಹೂಡಿದರು. 1972ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ನಗರವನ್ನು ಹೊಣೆ ಮಾಡಲು ಅವರಿಗೆ ದಾರಿ ತೆರೆಯಿತು. ಹೆದರಿದ ನಗರಾಡಳಿತ 1975ರಲ್ಲಿ ಜೆಟ್ ವಿಮಾನಗಳನ್ನೇ ನಿಷೇಧಿಸಿತು. ಆಗ ವಿಮಾನದವರು ದಾವೆ ಹೂಡಿದರು! 1979ರಲ್ಲಿ ಫೆಡರಲ್ ನ್ಯಾಯಾಲಯ ನೀಡಿದ, 1981ರಲ್ಲಿ ಮೇಲ್ಮನವಿಯಲ್ಲೂ ಉಳಿದ ತೀರ್ಪು ನನಗೆ ಬಹಳ ವಿವೇಕದ್ದೆಂದು ತೋರುತ್ತದೆ. ಜೆಟ್ ಎಂಬ ಒಂದೇ ಕಾರಣಕ್ಕೆ ಬಾಗಿಲು ಹಾಕಬಾರದು. ಆದರೆ ಯಾವ ವಿಮಾನವಾದರೂ ಸರಿ, ಇಷ್ಟಕ್ಕಿಂತ ಹೆಚ್ಚು ಸದ್ದು ಮಾಡಬಾರದು, ರಾತ್ರಿ ಇಂಥ ಹೊತ್ತಿನಲ್ಲಿ ಏರಬಾರದು ಎಂದು ಮಾಲೀಕನಾದ ನಗರ ನಿಯಮ ಮಾಡಬಹುದು. ತರಗತಿಯಲ್ಲಿ ನಾವೂ ಮಾಡುತ್ತಿದ್ದದ್ದು ಇದನ್ನೇ. ಯಾರ ಮಗ ಎಂದು ನೋಡಿ ಹೊರಗೆ ನಿಲ್ಲಿಸುವಂತಿಲ್ಲ, ಗಲಾಟೆ ಮಾಡಿದ್ದಾನೆಯೇ ಎಂದು ನೋಡಿ ನಿಲ್ಲಿಸಬಹುದು.

1984ರಲ್ಲಿ ನಗರವೂ ಕೇಂದ್ರವೂ ಒಪ್ಪಂದಕ್ಕೆ ಬಂದವು. ಅಂದಿನಿಂದ ಆ ನಿಲ್ದಾಣ ನಡೆದುಬಂದ ಬಗೆಯನ್ನು ನೋಡಿದರೆ ಸಣ್ಣ ನಿಲ್ದಾಣವೊಂದು ಎಷ್ಟು ಮಾಡಬಹುದು ಎಂಬುದು ತಿಳಿಯುತ್ತದೆ. ರನ್‌ವೇಯ ಎರಡು ತುದಿಗಳಿಂದ 1,500 ಅಡಿ ದೂರದಲ್ಲಿ ಶಬ್ದಮಾಪಕಗಳಿವೆ. ಒಂದೊಂದು ಹಾರಾಟದ ಸದ್ದೂ 95 ಡೆಸಿಬೆಲ್ ಮೀರಬಾರದು. ಮೊದಲ ಬಾರಿ ಮೀರಿದರೆ ತಿಳಿವಳಿಕೆಯ ಪತ್ರ, ಮತ್ತೆ ಮತ್ತೆ ಮೀರಿದರೆ ಏರುತ್ತ ಹೋಗುವ ದಂಡ. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರವರೆಗೆ, ಶನಿವಾರ ಭಾನುವಾರ ಎಂಟರವರೆಗೆ, ಯಾವ ವಿಮಾನವೂ ಏರುವಂತಿಲ್ಲ. ಕಲಿಯುವವರು ನೆಲ ಮುಟ್ಟಿ ಕೂಡಲೇ ಮತ್ತೆ ಏರುವ ಅಭ್ಯಾಸ ವಾರಾಂತ್ಯಕ್ಕೂ ರಜಾದಿನಕ್ಕೂ ಇಲ್ಲ. ಕಡಲ ಕಡೆಗೆ ಏರುವ ಸಣ್ಣ ವಿಮಾನಗಳು ತುಸು ಎಡಕ್ಕೆ ಹೊರಳಿ ಗಾಲ್ಫ್ ಮೈದಾನದ ಮೇಲಿಂದ ಹೋಗಬೇಕೆಂದು ಕೋರಿಕೆ. ಕೋರಿಕೆ ಎಂಬ ಪದವನ್ನು ಗಮನಿಸಿ. ಏರಿದ ಮೇಲೆ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. 1990ರಲ್ಲಿ ಅಮೆರಿಕದ ಸಂಸತ್ತು ಹೊಸ ನಿರ್ಬಂಧಗಳಿಗೆ ಬಹುಮಟ್ಟಿಗೆ ಬಾಗಿಲು ಹಾಕಿತು. ಅಷ್ಟರೊಳಗೆ ನಿಯಮ ಮಾಡಿಕೊಂಡಿದ್ದರಿಂದ ಇವು ಉಳಿದುಕೊಂಡವು. ತಡ ಮಾಡಿದ ಊರುಗಳಿಗೆ ಆ ಭಾಗ್ಯವಿಲ್ಲ.

"ಒಂದೊಂದು ಹಾರಾಟದ ಸದ್ದು" ಎಂದೆನಲ್ಲ, ಅದಕ್ಕೆ ನಿಮ್ಮ ಗಣಿತದ ಮೇಷ್ಟ್ರಾಗಿ ಎರಡು ಮಾತು ಹೇಳಬೇಕು. ಡೆಸಿಬೆಲ್ ಎನ್ನುವುದು ನಿಮಗೆ ಬೇಸರ ತರಿಸುತ್ತಿದ್ದ ಆ ಲಾಗರಿದಮ್ಮಿನ ಮಗು. ಹತ್ತು ಡೆಸಿಬೆಲ್ ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು. ಕಿವಿಗೆ ಸುಮಾರು ಎರಡು ಪಟ್ಟು. ಇದನ್ನು ತಿಳಿಯದವರು "80 ಇತ್ತು, 90 ಆಯಿತು, ಅದೇನು ಮಹಾ" ಎಂದುಬಿಡುತ್ತಾರೆ. ಎರಡನೆಯದು ಸರಾಸರಿಯ ಮೋಸ. ವಿಮಾನದ ಸದ್ದನ್ನು ಸಾಮಾನ್ಯವಾಗಿ ಇಡೀ ದಿನದ ಸರಾಸರಿಯಲ್ಲಿ ಅಳೆಯುತ್ತಾರೆ. ದೊಡ್ಡ ನಿಲ್ದಾಣಗಳಿಗೆ ಅದು ಸರಿಹೋದೀತು. ಸಣ್ಣ ನಿಲ್ದಾಣದಲ್ಲಿ ದಿನಕ್ಕೆ ನಾಲ್ಕೇ ಜೆಟ್ ಬಂದರೆ ಸರಾಸರಿ ನಿರಪಾಯವಾಗಿ ಕಾಣುತ್ತದೆ. ಆ ನಾಲ್ಕರಲ್ಲಿ ಒಂದು ತೊಟ್ಟಿಲ ಕೂಸನ್ನು ಎಬ್ಬಿಸಿದ್ದು ಅದರಲ್ಲಿ ಕಾಣುವುದಿಲ್ಲ. ತರಗತಿಯ ಸರಾಸರಿ ಅಂಕ 60 ಬಂದಿದೆ ಎಂದು ನಾನು ಇನ್‌ಸ್ಪೆಕ್ಟರಿಗೆ ವರದಿ ಬರೆಯುತ್ತಿದ್ದೆ. ಹನ್ನೆರಡು ಅಂಕ ತೆಗೆದ ಹುಡುಗನ ತಾಯಿಗೆ ಆ ವರದಿಯಿಂದ ಏನು ಸಮಾಧಾನ?

ಇನ್ನೊಂದು ಕಡೆಯ ನ್ಯಾಯವನ್ನೂ ಹೇಳಬೇಕು. ದೂರು ಕೊಡುವವರೆಲ್ಲ ಒಂದೇ ತೂಕದವರಲ್ಲ. ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣಕ್ಕೆ 2015ರಲ್ಲಿ ಬಂದ 8,760 ದೂರುಗಳಲ್ಲಿ 6,852 ಬಂದದ್ದು ಒಂದೇ ಮನೆಯಿಂದ! ಇದನ್ನು ಓದಿದ ನಿಲ್ದಾಣದವರು "ನೋಡಿ, ತಕರಾರು ಮಾಡುವವರು ಇಬ್ಬರೇ" ಎಂದು ನಗಬಹುದು. ನಾನು ನಗಲಾರೆ. ತರಗತಿಯಲ್ಲಿ ಕ್ಷಣಕ್ಕೊಮ್ಮೆ ಕೈ ಎತ್ತುವ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಅವನೊಬ್ಬನಿಗಾಗಿ ಪಾಠ ನಿಲ್ಲಿಸಲಾಗದು. ಆದರೆ ಕೈ ಎತ್ತದವರಿಗೆಲ್ಲ ಪಾಠ ಅರ್ಥವಾಗಿದೆ ಎಂದು ತಿಳಿಯುವ ಮೇಷ್ಟ್ರು ಪರೀಕ್ಷೆಯ ದಿನ ಮೋಸಹೋಗುತ್ತಾನೆ. ದೂರುಗಳನ್ನು ಎಣಿಸಿ ಮುಗಿಸಿದರೆ ಸಾಲದು. ಓದಬೇಕು, ಯಾವ ಬೀದಿ, ಯಾವ ಹೊತ್ತು, ಯಾವ ವಿಮಾನ ಎಂದು ತಾಳೆ ನೋಡಬೇಕು, ಉತ್ತರ ಬರೆಯಬೇಕು.

ಸಾಂಟಾ ಮೋನಿಕಾದ ಕಥೆ ಸುಖಾಂತ್ಯವಲ್ಲ. ಇಷ್ಟೆಲ್ಲ ನಿಯಮಗಳಿದ್ದರೂ ಜನರ ಮನಸ್ಸು ಅಷ್ಟರಲ್ಲೇ ಒಡೆದಿತ್ತು. ವೇಗದ ದೊಡ್ಡ ಜೆಟ್‌ಗಳನ್ನು ನಿಲ್ಲಿಸಲು ನಗರ 2008ರಲ್ಲಿ ಮಾಡಿದ ಪ್ರಯತ್ನವೂ 2011ರಲ್ಲಿ ನ್ಯಾಯಾಲಯದಲ್ಲಿ ಸೋತಿತು. ಕಡಿಮೆ ಕೇಳಿದಾಗ ಏನೂ ಸಿಗದವನು ಕೊನೆಗೆ ಎಲ್ಲವನ್ನೂ ಕೇಳುತ್ತಾನೆ. 2014ರ ನವೆಂಬರಿನಲ್ಲಿ ಮತದಾರರು, ನಿಲ್ದಾಣ ಮುಚ್ಚಿದರೆ ಆ ನೆಲವನ್ನು ಉದ್ಯಾನಕ್ಕೆ ಮೀಸಲಿಡುವ ಹಾದಿಗೆ ಮತ ಹಾಕಿದರು. 2017ರ ಜನವರಿಯಲ್ಲಿ ಕೇಂದ್ರವೂ ನಗರವೂ ರಾಜಿಯಾದವು. 4,973 ಅಡಿಯ ರನ್‌ವೇಯನ್ನು ಅದೇ ವರ್ಷ 3,500 ಅಡಿಗೆ ಇಳಿಸಿದರು. ದೊಡ್ಡ ಜೆಟ್‌ಗಳ ಓಡಾಟ ಬಹುಪಾಲು ನಿಂತಿತು. 2028ರ ಡಿಸೆಂಬರ್ 31 ಕಳೆದ ಮೇಲೆ ನಿಲ್ದಾಣವನ್ನೇ ಮುಚ್ಚುವ ಹಕ್ಕು ನಗರಕ್ಕೆ ಸಿಕ್ಕಿದೆ. ಡಿಸಿ-3 ಹುಟ್ಟಿದ ನೆಲ, ಎಷ್ಟೋ ಮಂದಿ ಹಾರಲು ಕಲಿತ ನೆಲ. ಅಲ್ಲಿ ಹುಲ್ಲುಹಾಸು ಬಂದರೆ ನೆರೆಮನೆಯ ಕೂಸಿಗೆ ಒಳ್ಳೆಯದೇ. ಆದರೆ ಒಂದು ನಿಲ್ದಾಣ ಹೋದರೆ ಅಂಥದೊಂದನ್ನು ಊರೊಳಗೆ ಮತ್ತೆ ಕಟ್ಟಲಾಗದು. ಎರಡೂ ಕಡೆಯವರು 1960ರಲ್ಲೇ ಒಂದು ಬೆಂಚಿನಲ್ಲಿ ಕುಳಿತಿದ್ದರೆ ಇದು ಇಲ್ಲಿಗೆ ಬರುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ 1940ರ ದಶಕದಲ್ಲಿ ಊರ ಹೊರಗಿತ್ತು. ಊರು ಬೆಳೆದು ಅದನ್ನು ನುಂಗಿತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದವು. ಈಗ ಸಣ್ಣ ಊರುಗಳ ಸರದಿ. ಕಲಬುರಗಿಯಲ್ಲಿ 2019ರಲ್ಲಿ ನಿಲ್ದಾಣ ತೆರೆಯಿತು. ನಮ್ಮ ಶಿವಮೊಗ್ಗದ ಸೋಗಾನೆಯದು 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆ ಆಗಸ್ಟ್ 31ರಿಂದ ವಿಮಾನ ಸಂಚಾರ ಆರಂಭವಾಯಿತು. ಅದನ್ನು ನಡೆಸುವ ಹೊಣೆ ಹೊತ್ತದ್ದು ರಾಜ್ಯ ಸರ್ಕಾರದ್ದೇ ಸಂಸ್ಥೆ. ರನ್‌ವೇ 3,200 ಮೀಟರ್, ಸಾಂಟಾ ಮೋನಿಕಾದ ಈಗಿನ ರನ್‌ವೇಯ ಮೂರು ಪಟ್ಟು. ಇಂದು ಬರುವ ವಿಮಾನಗಳು ಬೆರಳೆಣಿಕೆಯವಿರಬಹುದು. ಆದರೆ ಅಷ್ಟು ಉದ್ದ ಕಟ್ಟಿದ್ದು ಇನ್ನೂ ದೊಡ್ಡವು ಬರಲಿ ಎಂದೇ ಅಲ್ಲವೇ?

ನಮ್ಮ ಕಾನೂನು ವಿಮಾನ ನಿಲ್ದಾಣದ ಸುತ್ತಣ ಕಟ್ಟಡದ ಎತ್ತರವನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ; 2015ರ ನಿಯಮಗಳು ಅದಕ್ಕೆಂದೇ ಇವೆ. ವಿಮಾನಕ್ಕೆ ಮನೆಯಿಂದ ಅಪಾಯವಾಗಬಾರದು, ಸರಿ. ಮನೆಗೆ ವಿಮಾನದಿಂದ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2018ರಲ್ಲಿ ವಿಮಾನ ನಿಲ್ದಾಣಗಳಿಗೇ ಬೇರೆ ಮಿತಿ ಬಂತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನ ಏರಿಳಿಯುವ ಕಡೆ ಹಗಲು 70, ರಾತ್ರಿ 65. ಅದೂ ಸರಾಸರಿಯೇ. ಸಣ್ಣ ನಿಲ್ದಾಣಗಳು ಆ ಸಂಖ್ಯೆಯನ್ನು ಮುಟ್ಟುವ ತನಕ ಸುಮ್ಮನಿರೋಣ ಎಂದರೆ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಆದ್ದರಿಂದ ಮೂರು ಕೆಲಸ ಈಗಲೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಒಂದು, ರನ್‌ವೇಯ ಎರಡೂ ತುದಿಗಳ ನೇರಕ್ಕೆ ಬರುವ ಜಮೀನಿನಲ್ಲಿ ಬಡಾವಣೆಗೆ, ಶಾಲೆಗೆ, ಆಸ್ಪತ್ರೆಗೆ ಅನುಮತಿ ಕೊಡಬಾರದು. ಅಲ್ಲಿ ತೋಟವಿರಲಿ, ಗದ್ದೆ ಇರಲಿ, ಗೋದಾಮು ಬರಲಿ. ಅದರಿಂದ ಬೆಲೆ ಕಳೆದುಕೊಳ್ಳುವ ರೈತನಿಗೆ ನ್ಯಾಯವಾದ ಪರಿಹಾರವೂ ಸಿಗಲಿ; ಇಲ್ಲವಾದರೆ ಊರಿನ ಉಪಕಾರಕ್ಕೆ ಅವನೊಬ್ಬ ತೆರಿಗೆ ಕಟ್ಟಿದಂತಾಗುತ್ತದೆ. ಎರಡು, ವಿಮಾನ ಕಡಿಮೆ ಇರುವಾಗಲೇ ಶಬ್ದಮಾಪಕ ನೆಟ್ಟು, ಪ್ರತಿ ಹಾರಾಟದ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಜಗಳ ಹುಟ್ಟುವ ಮೊದಲು ಅಳೆದ ಅಳತೆಯನ್ನು ಎಲ್ಲರೂ ನಂಬುತ್ತಾರೆ. ಆಮೇಲೆ ಅಳೆದದ್ದನ್ನು ಯಾರೂ ನಂಬುವುದಿಲ್ಲ. ಮೂರು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಅವನು ನಿಜ ಹೇಳಬೇಕು. "ನೋಡೋಣ, ಮೇಲಕ್ಕೆ ಬರೆದಿದ್ದೇವೆ" ಎಂಬ ಉತ್ತರ ಬೇಡ. "ಹಾರುವ ದಾರಿ ನನ್ನ ಕೈಯಲ್ಲಿಲ್ಲ, ನೆಲದ ಮೇಲೆ ಎಂಜಿನ್ ಪರೀಕ್ಷೆ ಮಾಡುವ ಹೊತ್ತು ನನ್ನ ಕೈಯಲ್ಲಿದೆ, ಅದನ್ನು ಬದಲಿಸುತ್ತೇನೆ" ಎನ್ನುವವನು ಬೇಕು. ನಮ್ಮ ಗಿರಣಿಯ ಯಜಮಾನರು ಹೇಳಿದ್ದು ಅಷ್ಟೇ ತಾನೇ?

ಇನ್ನು ನಿನಗೆ ಉತ್ತರ, ಮಗೂ. ಸೈಟಿನ ಪತ್ರ ನೋಡುವ ಮೊದಲು ನಕ್ಷೆ ತೆಗೆದುಕೋ. ಅಳತೆಪಟ್ಟಿಯಿಟ್ಟು ರನ್‌ವೇಯ ಗೆರೆಯನ್ನು ಎರಡೂ ಕಡೆಗೆ ಉದ್ದಕ್ಕೆ ಎಳೆ. ರೇಖೆಯನ್ನು ವೃದ್ಧಿಸುವುದನ್ನು ನಾನೇ ಕಲಿಸಿದ್ದೇನೆ. ನೀನು ನೋಡಿದ ಜಾಗ ಆ ಗೆರೆಯ ಮೇಲೋ ಅದರ ಮಗ್ಗುಲಿಗೋ ಬಿದ್ದರೆ ಬೇಡ. ದೂರಕ್ಕೆ ಬಿದ್ದರೂ ವಿಮಾನ ಬರುವ ಹೊತ್ತಿಗೆ ಅಲ್ಲಿ ಹೋಗಿ ನಿಂತು, ಮನೆಯವಳನ್ನೂ ಕರೆದುಕೊಂಡು ಹೋಗಿ, ಕಿವಿಗೊಟ್ಟು ಕೇಳಿ ಆಮೇಲೆ ತೀರ್ಮಾನಿಸು. ಬೆಲೆ ಬರುತ್ತದೆ ಎನ್ನುವುದು ಮಾರುವವನ ಮಾತು. ಅಲ್ಲಿ ಮಲಗಿ ಏಳುವವನ ಮಾತು ಬೇರೆ.

ಉಳಿದವರಲ್ಲಿ ವಿಮಾನ ನಿಲ್ದಾಣಗಳ ಸಮೀಪ ವಾಸವಿರುವವರು, ಅಲ್ಲಿ ಕೆಲಸ ಮಾಡುವವರು ಹಲವರಿದ್ದೀರಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ ಬರೆಯಿರಿ. ಮೇಷ್ಟ್ರ ತಪ್ಪು ಹಿಡಿಯುವ ಸಂತೋಷ ನಿಮಗೆ ಹೊಸದೇನಲ್ಲ.